ಬೇಯದ ಬೇಳೆ

ನಾನು ಮಂಡ್ಯದ ಕಡೆಯವನು. ಕಲಬುರಗಿಗೆ ವರ್ಗವಾಗಿ ಬಂದಾಗ ನನಗೆ ಬರುತ್ತಿದ್ದ ಅಡುಗೆ ನಾಲ್ಕೋ ಐದೋ. ಅದೂ ಮೊಬೈಲನ್ನು ಡಬ್ಬಿಗೆ ಒರಗಿಸಿಟ್ಟು, ಚಮಚದಲ್ಲಿ ಅಳೆದು ಮಾಡಬೇಕು. ಅರ್ಧ ಚಮಚ ಅಂದರೆ ಅರ್ಧವೇ.

ಒಂದು ಭಾನುವಾರ ಸೂಪರ್ ಮಾರ್ಕೆಟ್‌ನಲ್ಲಿ ಪುಂಡಿ ಸೊಪ್ಪು, ಅದೇ ಹುಳಿ ಗೋಂಗುರ, ಕಂಡಿತು. (ಹೆಸರು ಸೂಪರ್ ಮಾರ್ಕೆಟ್. ನಾನು ಹವಾನಿಯಂತ್ರಿತ ಅಂಗಡಿ ಹುಡುಕಿಕೊಂಡು ಹೋಗಿದ್ದೆ, ಸಿಕ್ಕಿದ್ದು ಪೇಟೆ ಬೀದಿ.) ಖಾನಾವಳಿಯಲ್ಲಿ ತಿಂದ ಪುಂಡಿಪಲ್ಯದ ರುಚಿ ನೆನಪಾಗಿ ಎರಡು ಕಟ್ಟು ತಂದೆ.

ಕುಕ್ಕರಿನ ಗ್ಯಾಸ್ಕೆಟ್ ಹೋಗಿತ್ತು. ಪಾತ್ರೆಯಲ್ಲೇ ಇಡೋಣ ಅಂತ ತೊಗರಿ ಬೇಳೆ, ಪುಂಡಿ, ಹಸಿಮೆಣಸಿನಕಾಯಿ ಎಲ್ಲ ಒಟ್ಟಿಗೆ ಹಾಕಿ ಒಲೆ ಹಚ್ಚಿದೆ. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. ಸೊಪ್ಪು ಕರಗಿ ಹೋಯಿತು, ಬೇಳೆ ಮಾತ್ರ ಕಲ್ಲು. 2019ರಲ್ಲಿ ಜಿಐ ಟ್ಯಾಗ್ (ಈ ನೆಲದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು) ಸಿಕ್ಕ ಕಲಬುರಗಿ ತೊಗರಿ! ಅಂಗಡಿಯವನು ಹಳೇ ಬೇಳೆ ಕೊಟ್ಟು ಟೋಪಿ ಹಾಕಿದ ಅಂತ ಬೈದುಕೊಂಡೆ.

ಮನೆ ಮಾಲೀಕರ ಆಯಿ ಬಾಗಿಲಲ್ಲಿ ನಿಂತು ಕೇಳಿದರು, "ಏನ್ ಮಾಡ್ಲಕತ್ತಿ ತಮ್ಮಾ, ಮುಂಜಾನಿಂದ?"

ಹೇಳಿದೆ. ಪಾತ್ರೆಯೊಳಗೆ ಇಣುಕಿ ನಕ್ಕುಬಿಟ್ಟರು. "ಹುಳಿ ಮುಂದ ಬ್ಯಾಳಿ ಮೆತ್ತಗಾಗಂಗಿಲ್ಲೋ. ಮೊದ್ಲ ಬ್ಯಾಳಿ ಬೇಯ್ಬೇಕು, ಆಮ್ಯಾಲ ಪುಂಡಿ."

ಆಗ ಹೊಳೆಯಿತು. ಊರಲ್ಲಿ ಅಮ್ಮ ಹುಣಸೆ ರಸ ಹಿಂಡುವುದು ಯಾವಾಗಲೂ ಬೇಳೆ ನುಣ್ಣಗಾದ ಮೇಲೆ. ನೂರು ಸಲ ನೋಡಿದ್ದೇನೆ, ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ. ಬೇಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಎಂಬ ಅಂಟು ಹುಳಿಯಲ್ಲಿ ಸುಲಭವಾಗಿ ಕರಗುವುದಿಲ್ಲ. ಗಡಸು ನೀರಿನಲ್ಲೂ ಅದೇ ಪಾಡು. ಎಷ್ಟು ಹಾಕಬೇಕು ಅನ್ನುವುದನ್ನು ಚಮಚ ಸಮೇತ ನೋಡಿಕೊಂಡಿದ್ದೆ, ಯಾವಾಗ ಹಾಕಬೇಕು ಅನ್ನುವುದರ ಕಡೆ ಗಮನವೇ ಇರಲಿಲ್ಲ.

ಆಯಿ ತಮ್ಮ ಮನೆಯಿಂದ ಬೆಂದ ಬೇಳೆ ಒಂದು ಬಟ್ಟಲು ತಂದು ಸುರಿದರು. ಮಸೆದು ರುಚಿ ನೋಡಿದೆ. ಹಲ್ಲು ಚುಳ್ ಅಂದಿತು, ಅಷ್ಟು ಹುಳಿ. ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಯಿತು. ಮಂಡ್ಯದವನಲ್ವಾ!

"ಬೆಲ್ಲ ಬ್ಯಾಡ. ಮೊದ್ಲ ಉಪ್ಪು ಹಾಕಿ ನೋಡು."

ಎರಡು ಚಿಟಿಕೆ ಉಪ್ಪಿಗೆ ಹುಳಿ ಒಂದು ಮೆಟ್ಟಿಲು ಇಳಿಯಿತು. ಜೋಳದ ಹಿಟ್ಟನ್ನು ನೀರಲ್ಲಿ ಕದಡಿ ಹಾಕಿ ಕುದಿಸಿದರು, ಇನ್ನೊಂದು ಮೆಟ್ಟಿಲು. ಆಮೇಲೆ ಒಗ್ಗರಣೆ. ಎಣ್ಣೆಗೆ ಸಾಸಿವೆ ಸಿಡಿಸಿ, ಜಜ್ಜಿದ ಬಳ್ಳೊಳ್ಳಿ ಹಾಕಿದೆ. ಎಷ್ಟು ನಿಮಿಷ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ಆಯಿ ಆಗಲೇ ಹೊರಗೆ ಕಟ್ಟೆ ಮೇಲೆ ಹೋಗಿ ಕೂತಿದ್ದರು. ಒಲೆ ಅವರಿಗೆ ಕಾಣುತ್ತಲೇ ಇರಲಿಲ್ಲ. ಹಸಿ ಘಾಟು ಹೋಗಿ ಸಿಹಿ ವಾಸನೆ ಏಳುತ್ತಿದ್ದ ಹಾಗೆ ಅಲ್ಲಿಂದಲೇ ಕೂಗಿದರು, "ಹಾಂ, ಈಗ ಹಾಕು!"

ಆಮೇಲಿನ ಭಾನುವಾರಗಳಲ್ಲಿ ಮೊಬೈಲ್ ಮಂಚದ ಮೇಲೇ ಉಳಿಯಿತು. ಮೆಂತ್ಯ ಸೊಪ್ಪು ತಂದ ದಿನ ಅದನ್ನು ಬೇಳೆ ಜೊತೆಗೇ ಧೈರ್ಯವಾಗಿ ಹಾಕಿದೆ, ಅದರಲ್ಲಿ ಹುಳಿ ಇಲ್ಲವಲ್ಲ. ಟೊಮೆಟೊವನ್ನು ಕೊನೆಗೆ ಹಾಕಿದೆ. ಬಳ್ಳೊಳ್ಳಿ ಒಂದೆರಡು ಸಲ ಸೀದು ಕಹಿಯಾಯಿತು, ನಂತರ ಮೂಗು ಕಲಿತುಕೊಂಡಿತು.

ರೊಟ್ಟಿ ಮಾತ್ರ ಕೈಗೆ ಹತ್ತಲಿಲ್ಲ. ಗೋಧಿಯ ಹಾಗೆ ಜೋಳದ ಹಿಟ್ಟಿಗೆ ತನ್ನದೇ ಜಿಗಿ ಇಲ್ಲ, ಕುದಿಯುವ ನೀರು ಹಾಕಿ ನಾದಿದರೇ ಜಿಗಿ ಬರೋದು. ಗೊತ್ತು. ಆದರೂ ನಾನು ಬಡಿದರೆ ಅಂಚು ಒಡೆದು ನಕಾಶೆಯಾಗುತ್ತದೆ. ಹಾಗಾಗಿ ಪಲ್ಯ ಮಾಡಿದ ದಿನ ರೊಟ್ಟಿ ಖಾನಾವಳಿಯಿಂದ ಬರುತ್ತದೆ. ಆಯಿ ಕಟ್ಟೆ ಮೇಲೆ ಕೂತಿದ್ದರೆ ಚೀಲವನ್ನು ಆ ಕಡೆ ಕೈಗೆ ಬದಲಾಯಿಸಿಕೊಂಡು ಒಳಗೆ ಬರುತ್ತೇನೆ.