ಎಲ್ಲವೂ ಓಪನ್ ಸೋರ್ಸ್ ತಾನೇ, ಮತ್ತೇಕೆ ಲೈಸೆನ್ಸ್ ತಕರಾರು?

ಬೆಂಗಳೂರಿನ ಫಾಸ್ (ಮುಕ್ತ ತಂತ್ರಾಂಶ) ಮೀಟಪ್‌ಗಳಲ್ಲಿ, ಕಾಲೇಜು ಪ್ರಾಜೆಕ್ಟ್ ತಂಡಗಳಿಂದ, ಪೀಣ್ಯದ ಕಡೆ ಡಿವೈಸ್ ಮಾಡುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ನಮ್ಮ ಕೋಡ್ ಎಂಐಟಿ ಲೈಸೆನ್ಸ್. ಬಳಸಿರುವ ಡಿಪೆಂಡೆನ್ಸಿಗಳೆಲ್ಲ ಓಪನ್ ಸೋರ್ಸ್. ಒಟ್ಟಿಗೆ ಪ್ಯಾಕೇಜ್ ಮಾಡಿ ಕೊಟ್ಟರೆ ತೊಂದರೆ ಏನು?" (ಎಂಐಟಿ ಎಂದರೆ ಹೆಸರು ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕೆನ್ನುವ ಸಡಿಲ ಲೈಸೆನ್ಸ್; ಡಿಪೆಂಡೆನ್ಸಿ ಎಂದರೆ ನಮ್ಮ ಕೋಡ್ ಆಧರಿಸಿರುವ ಬೇರೆಯವರ ಕೋಡ್.)

ತೊಂದರೆ ಇಲ್ಲದೆಯೂ ಇರಬಹುದು. ಆದರೆ ಅದನ್ನು ನಿಮ್ಮ ರೆಪೊಸಿಟರಿ (ಕೋಡ್ ಇಡುವ ಜಾಗ) ನೋಡಿ ಹೇಳಲು ಬರುವುದಿಲ್ಲ. ನೀವು ಇನ್ನೊಬ್ಬರ ಕೈಗಿಡುವ ಫೈಲನ್ನು ಬಿಚ್ಚಿ ನೋಡಬೇಕು. ಅದು ಪೈಥಾನ್‌ನ ವ್ಹೀಲ್ ಇರಬಹುದು, ಡೆಬಿಯನ್ ಲಿನಕ್ಸ್‌ನ ಡೆಬ್ ಇರಬಹುದು, ಆಂಡ್ರಾಯ್ಡ್‌ನ ಎಪಿಕೆ ಇರಬಹುದು, ಆಪ್ ಮತ್ತು ಅದಕ್ಕೆ ಬೇಕಾದ ಸಿಸ್ಟಂ ಲೈಬ್ರರಿಗಳನ್ನು ಒಟ್ಟಿಗೆ ಕಟ್ಟಿದ ಡಾಕರ್ ಇಮೇಜ್ ಇರಬಹುದು. ಲೈಸೆನ್ಸ್ ಹೊಂದುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಆ ಫೈಲಿಗೆ.

ಜಿಪಿಎಲ್ ಎಂಬ ಲೈಸೆನ್ಸ್ ಹೇಳುವುದು, ಪ್ರೋಗ್ರಾಂ ವಿತರಿಸುವವರು ಪಡೆಯುವವರಿಗೆ ಅದರ ಸೋರ್ಸ್ ಕೋಡನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು ಎಂದು. ಕೋರಮಂಗಲದ ಕಂಪನಿಯೊಂದು ಜಿಪಿಎಲ್ ಪ್ರೋಗ್ರಾಂ ಒಂದನ್ನು ತಿದ್ದಿ ತನ್ನದೇ ಸರ್ವರಿನಲ್ಲಿ ಓಡಿಸಿದರೆ ಅದು ವಿತರಣೆ ಅಲ್ಲ, ಸೋರ್ಸ್ ಕೊಡುವ ಹೊಣೆಯೂ ಬರುವುದಿಲ್ಲ. ಅದೇ ಪ್ರೋಗ್ರಾಮನ್ನು ಪೀಣ್ಯದ ಒಬ್ಬರು ಡಬ್ಬಕ್ಕೆ ತುಂಬಿ ಗ್ರಾಹಕರಿಗೆ ಮಾರಿದರೆ ಅದು ವಿತರಣೆ, ಷರತ್ತುಗಳೆಲ್ಲ ಆ ಕ್ಷಣದಿಂದ ಜಾರಿ. ಇದರ ಸೋದರ ಲೈಸೆನ್ಸ್ ಎಜಿಪಿಎಲ್ ಮಾತ್ರ ಬೇರೆ: ಅದರ 13ನೇ ಸೆಕ್ಷನ್ ಪ್ರಕಾರ, ನೀವು ತಿದ್ದಿದ ಪ್ರೋಗ್ರಾಮನ್ನು ಜನ ನೆಟ್‌ವರ್ಕ್ ಮೂಲಕ ಬಳಸಿದರೂ ಅವರಿಗೆ ಸೋರ್ಸ್ ಸಿಗಬೇಕು.

ಎರಡು ಲೈಸೆನ್ಸ್ ಹೊಂದುತ್ತವೆ ಎಂದರೆ, ಎರಡರ ಷರತ್ತುಗಳನ್ನೂ ಒಂದೇ ಕೃತಿಯಲ್ಲಿ ಏಕಕಾಲಕ್ಕೆ ಪಾಲಿಸಲು ಸಾಧ್ಯ ಎಂದರ್ಥ. ಎರಡೂ ಒಳ್ಳೆಯ ಲೈಸೆನ್ಸ್ ಆಗಿದ್ದೂ ಒಟ್ಟಿಗೆ ಬಾಳದೆ ಇರಬಹುದು. ಅಪಾಚೆ 2.0 ಎಂಬ ಲೈಸೆನ್ಸ್ ಮತ್ತು ಜಿಪಿಎಲ್‌ನ 2ನೇ ಆವೃತ್ತಿ (ಜಿಪಿಎಲ್ 2) ಹಾಗೆಯೇ. ಅಪಾಚೆ 2.0 ಹೀಗೆನ್ನುತ್ತದೆ: ಈ ಕೃತಿ ನನ್ನ ಪೇಟೆಂಟ್ ಉಲ್ಲಂಘಿಸಿದೆ ಎಂದು ನೀವು ದಾವೆ ಹೂಡಿದರೆ, ಇದರ ಮೇಲೆ ನಿಮಗಿದ್ದ ಪೇಟೆಂಟ್ ಅನುಮತಿ ಅಲ್ಲಿಗೆ ರದ್ದು. ಜಿಪಿಎಲ್ 2ರ 6ನೇ ಸೆಕ್ಷನ್ ಹೇಳುವುದು, ನನ್ನಲ್ಲಿ ಇಲ್ಲದ ಹೆಚ್ಚಿನ ನಿರ್ಬಂಧ ಯಾವುದನ್ನೂ ಪಡೆಯುವವರ ಮೇಲೆ ಹೇರಬೇಡಿ ಎಂದು. ಪೇಟೆಂಟ್ ಷರತ್ತು ಅಂಥ ಹೆಚ್ಚಿನ ನಿರ್ಬಂಧ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. 2007ರಲ್ಲಿ ಬಂದ ಜಿಪಿಎಲ್ 3 ಇದಕ್ಕೆ ಜಾಗ ಮಾಡಿಕೊಟ್ಟಿತು. ಆದರೂ ದಾರಿ ಒನ್ ವೇ: ಅಪಾಚೆ ಕೋಡ್ ಜಿಪಿಎಲ್ 3 ಕೃತಿಯೊಳಗೆ ಬರಬಹುದು, ಒಟ್ಟು ಕೃತಿ ಜಿಪಿಎಲ್ 3 ಆಗುತ್ತದೆ. ಜಿಪಿಎಲ್ 3 ಕೋಡ್ ಸೇರಿಸಿಕೊಂಡು ಪ್ರಾಜೆಕ್ಟನ್ನು ಅಪಾಚೆ ಎಂದೇ ಕೊಡುವಂತಿಲ್ಲ.

ಇಲ್ಲಿ "ಜಿಪಿಎಲ್ 2" ಎಂದಷ್ಟೇ ಬರೆದುಕೊಂಡರೆ ಸಾಲದು. "2 ಮಾತ್ರ" ಮತ್ತು "2 ಅಥವಾ ನಂತರದ ಯಾವುದಾದರೂ ಆವೃತ್ತಿ" ಇವೆರಡರ ನಡುವೆ ಅಜಗಜಾಂತರ. ಎರಡನೆಯದಾದರೆ ನೀವು ಮೂರನ್ನು ಆರಿಸಿಕೊಂಡು ಅಪಾಚೆಯ ಜೊತೆ ಸೇರಿಸಬಹುದು. ಮೊದಲನೆಯದು ಜಿಪಿಎಲ್ 3ರ ಜೊತೆಗೂ ಸೇರದು. ಟರ್ಮಿನಲ್‌ನಲ್ಲಿ ಟೈಪ್ ಮಾಡಿದ ಸಾಲನ್ನು ತಿದ್ದಲು ನೆರವಾಗುವ ರೀಡ್‌ಲೈನ್ ಲೈಬ್ರರಿ 6.0ರಿಂದ ಜಿಪಿಎಲ್ 3 ಆದಾಗ, "2 ಮಾತ್ರ" ಪ್ರೋಗ್ರಾಂಗಳಿಗಾಗಿ ಡೆಬಿಯನ್ ಹಳೆಯ 5.2ನ್ನು ಬೇರೆ ಪ್ಯಾಕೇಜಾಗಿ ವರ್ಷಗಟ್ಟಲೆ ಇಟ್ಟುಕೊಳ್ಳಬೇಕಾಯಿತು. ಲೈಸೆನ್ಸ್ ಫೈಲಿನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಎರಡಕ್ಕೂ ಪಠ್ಯ ಒಂದೇ. ಸೋರ್ಸ್ ಫೈಲುಗಳ ತಲೆಯಲ್ಲಿರುವ ಕಾಮೆಂಟಿನಲ್ಲಿ "ಆರ್ ಲೇಟರ್" ಇದೆಯೇ ಎಂದು ಹುಡುಕಬೇಕು.

ಇದನ್ನೆಲ್ಲ ಒಂದೇ ಕಡೆ ಕಣ್ಣಾರೆ ನೋಡಬೇಕೆಂದರೆ ಆಡಿಯೊ-ವಿಡಿಯೊ ಪರಿವರ್ತಿಸುವ ಟೂಲಾದ ಎಫ್‌ಎಫ್‌ಎಂಪೆಗ್ ತೆಗೆದುಕೊಳ್ಳಿ. ಏನೂ ಆಯ್ಕೆ ಕೊಡದೆ ಬಿಲ್ಡ್ ಮಾಡಿದರೆ ಅದು ಎಲ್‌ಜಿಪಿಎಲ್ 2.1 ಅಥವಾ ನಂತರದ್ದು (ಎಲ್‌ಜಿಪಿಎಲ್ ಎಂದರೆ ಲೈಬ್ರರಿಗಳಿಗೆಂದಿರುವ ಸಡಿಲ ಜಿಪಿಎಲ್: ಆ ಲೈಬ್ರರಿಯನ್ನು ಬಳಸುವ ನಿಮ್ಮ ಕೋಡನ್ನು ಅದೇ ಲೈಸೆನ್ಸಿನಲ್ಲಿ ಕೊಡಬೇಕಿಲ್ಲ). ಎಚ್.264 ವಿಡಿಯೊ ಬರೆಯಲು ಎಕ್ಸ್264 ಎಂಬ ಲೈಬ್ರರಿ ಬೇಕೆಂದರೆ "--ಎನೇಬಲ್-ಜಿಪಿಎಲ್" ಹಾಕದೆ, ಬಿಲ್ಡಿಗೆ ಮುನ್ನ ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟ್ ಮುಂದೆ ಹೋಗುವುದೇ ಇಲ್ಲ. ಹಾಕಿದರೆ ಇಡೀ ಬಿಲ್ಡ್ ಜಿಪಿಎಲ್. ಅದರ ಜೊತೆಗೆ ಎನ್‌ಕ್ರಿಪ್ಶನ್ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಸೇರಿಸಿ ನೋಡಿ. 3.0ಕ್ಕಿಂತ ಹಳೆಯದಾದರೆ, ಜಾಹೀರಾತಿನಲ್ಲಿ ನಮ್ಮ ಹೆಸರು ಹೇಳಬೇಕೆಂಬ ಅದರ ಹಳೆಯ ಷರತ್ತಿನಿಂದಾಗಿ ಜಿಪಿಎಲ್ ಜೊತೆ ಹೊಂದದು ಎಂದು ಕಾನ್ಫಿಗರ್ ನಿಂತುಬಿಡುತ್ತದೆ. 2021ರ ಸೆಪ್ಟೆಂಬರಿನಲ್ಲಿ ಬಂದ 3.0 ಅಪಾಚೆ 2.0 ಆದ್ದರಿಂದ, ಆಗ "--ಎನೇಬಲ್-ವರ್ಷನ್3" ಕೊಡಿ ಎನ್ನುತ್ತದೆ, ಅಂದರೆ ಜಿಪಿಎಲ್ 3ಕ್ಕೆ ಏರಿ ಎಂದು. ಮೇಲಿನ ಪ್ಯಾರಾದ ತರ್ಕವೇ ಇಲ್ಲಿ ಶೆಲ್ ಸ್ಕ್ರಿಪ್ಟಿನ ನಾಲ್ಕಾರು ಸಾಲಾಗಿ ಕೂತಿದೆ. ಇನ್ನು ಎಫ್‌ಡಿಕೆ-ಎಎಸಿ ಎಂಬ ಆಡಿಯೊ ಲೈಬ್ರರಿಯನ್ನು ಜಿಪಿಎಲ್ ಬಿಲ್ಡಿಗೆ ಸೇರಿಸಲು "--ಎನೇಬಲ್-ನಾನ್‌ಫ್ರೀ" ಬೇಕು. ಹಾಗೆ ಮಾಡಿದ ಬೈನರಿಯನ್ನು ಯಾರಿಗೂ ಹಂಚುವಂತಿಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಜಾತಿಯ ಬಿಲ್ಡ್ ಎಂದು ತಿಳಿಯಲು "ಎಫ್‌ಎಫ್‌ಎಂಪೆಗ್ -ಎಲ್" ಎಂದು ಓಡಿಸಿ (ಎಲ್ ದೊಡ್ಡಕ್ಷರ). ಎಲ್ಲಿಂದಲೋ ಇಳಿಸಿಕೊಂಡ ಬೈನರಿಯನ್ನು ಪ್ರಾಡಕ್ಟಿಗೆ ಸೇರಿಸುವ ಮುನ್ನ ಇಷ್ಟಾದರೂ ಮಾಡಲೇಬೇಕು. ಪೈಥಾನ್ ವ್ಹೀಲ್ ಆದರೆ ಅನ್‌ಜಿಪ್ ಮಾಡಿ ಹೆಸರಿನ ಕೊನೆಗೆ ".ಲಿಬ್ಸ್" ಇರುವ ಫೋಲ್ಡರ್ ನೋಡಿ, ಆಡಿಟ್‌ವ್ಹೀಲ್ ಎಂಬ ಟೂಲ್ ನಿಮ್ಮ ಸಿಸ್ಟಂನಿಂದ ಎತ್ತಿ ತಂದ ಲೈಬ್ರರಿಗಳ ಡಾಟ್ ಎಸ್‌ಒ ಫೈಲುಗಳೆಲ್ಲ ಅಲ್ಲಿರುತ್ತವೆ. ನಿಮ್ಮ ಮೆಟಾಡೇಟಾದಲ್ಲಿ (ಪ್ಯಾಕೇಜಿನ ವಿವರ ಪಟ್ಟಿಯಲ್ಲಿ) "ಎಂಐಟಿ" ಎಂದು ಬರೆದ ಮಾತ್ರಕ್ಕೆ ಅವು ಎಂಐಟಿ ಆಗುವುದಿಲ್ಲ.

ಮೆಟಾಡೇಟಾ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2021ರ ಮಾರ್ಚ್‌ನ ಮೈಮ್‌ಮ್ಯಾಜಿಕ್ ಪ್ರಕರಣ ಸಾಕ್ಷಿ. ರೂಬಿ ಭಾಷೆಯ ಈ ಜೆಮ್ (ಪ್ಯಾಕೇಜ್) ತನ್ನನ್ನು ಎಂಐಟಿ ಎಂದು ಹೇಳಿಕೊಂಡಿತ್ತು. ಆದರೆ ಒಳಗಿದ್ದ ಫೈಲ್ ಬಗೆಗಳ ಪಟ್ಟಿ, ಜಿಪಿಎಲ್‌ನಲ್ಲಿದ್ದ ಶೇರ್ಡ್-ಮೈಮ್-ಇನ್ಫೊದ ಎಕ್ಸ್‌ಎಂಎಲ್ ಫೈಲಿನಿಂದ ಬಂದದ್ದು. ವಿಷಯ ಗೊತ್ತಾದ ಕೂಡಲೇ ಹೊಸ ಆವೃತ್ತಿ ಜಿಪಿಎಲ್ ಆಯಿತು, ಹಳೆಯ ಆವೃತ್ತಿಗಳನ್ನು ಹಿಂತೆಗೆದರು. ರೂಬಿಯ ವೆಬ್ ಫ್ರೇಮ್‌ವರ್ಕ್ ರೇಲ್ಸ್ ಪರೋಕ್ಷವಾಗಿ ಇದರ ಮೇಲೆ ನಿಂತಿದ್ದರಿಂದ ಎಲ್ಲೆಲ್ಲೋ ಬಿಲ್ಡ್‌ಗಳು ಮುರಿದುಬಿದ್ದವು. ಕೊನೆಗೆ ರೇಲ್ಸ್ ಮತ್ತು ಮೈಮ್‌ಮ್ಯಾಜಿಕ್ ನಡುವಿದ್ದ ಮಾರ್ಸೆಲ್ ಎಂಬ ಜೆಮ್ ಆ ಪಟ್ಟಿಯನ್ನು ಬಿಟ್ಟು ಅಪಾಚೆ ಟೀಕಾ ಎಂಬ ಬೇರೆ ಪ್ರಾಜೆಕ್ಟಿನ ಡೇಟಾ ಬಳಸತೊಡಗಿತು. ಲೈಸೆನ್ಸ್ ಇರುವುದು ಕೋಡಿಗೆ ಮಾತ್ರ ಎಂದುಕೊಂಡವರು ಗಮನಿಸಬೇಕು: ಇಲ್ಲಿ ಸಿಕ್ಕಿಬಿದ್ದದ್ದು ಡೇಟಾ ಫೈಲ್. ಪಿಪ್-ಲೈಸೆನ್ಸಸ್‌ನಂಥ ಟೂಲ್ ಮೆಟಾಡೇಟಾವನ್ನಷ್ಟೇ ಓದುತ್ತದೆ, ಇಂಥದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಫೈಲನ್ನೂ ಓದುವ ಸ್ಕ್ಯಾನ್‌ಕೋಡ್ ನಿಧಾನ, ಸುಳ್ಳು ಎಚ್ಚರಿಕೆಗಳೂ ಬರುತ್ತವೆ, ಆದರೂ ಬಿಡುಗಡೆಗೆ ಮುನ್ನ ಒಮ್ಮೆ ಓಡಿಸಲೇಬೇಕು ಎನ್ನುತ್ತೇನೆ.

ಇನ್ನು ಚಿಕ್ಕಪೇಟೆಯ ಅಂಗಡಿಗೆ ಪೈಥಾನ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರು ಕೇಳುವುದು: "ಸೋರ್ಸ್ ಕೊಡದೆ ಇಎಕ್ಸ್‌ಇ ಮಾತ್ರ ಕೊಡಬಹುದೇ?" ಪೈಥಾನ್ ಕೋಡನ್ನು ಇಎಕ್ಸ್‌ಇ ಮಾಡುವ ಪೈಇನ್‌ಸ್ಟಾಲರ್ ಜಿಪಿಎಲ್ ಎಂದು ಹೆದರುತ್ತಾರೆ, ಆದರೆ ಅದು ಆಪ್‌ನೊಳಗೆ ಸೇರಿಸುವ ಬೂಟ್‌ಲೋಡರಿಗೆ ವಿನಾಯಿತಿ ಇದೆ, ಅದು ಕಟ್ಟಿಕೊಟ್ಟ ಆಪ್ ಜಿಪಿಎಲ್ ಆಗುವುದಿಲ್ಲ. ಹೆದರಬೇಕಾದದ್ದು, ಕಿಟಕಿ-ಬಟನ್ ತೋರಿಸುವ ಕ್ಯೂಟಿ ಲೈಬ್ರರಿಯನ್ನು ಪೈಥಾನ್‌ಗೆ ಒದಗಿಸುವ ಪೈಕ್ಯೂಟಿಗೆ. ಅದು ಜಿಪಿಎಲ್ 3 ಅಥವಾ ಹಣ ಕೊಟ್ಟು ಪಡೆಯುವ ವಾಣಿಜ್ಯ ಲೈಸೆನ್ಸ್, ಮೂರನೆಯ ದಾರಿ ಇಲ್ಲ. ಅದೇ ಕೆಲಸ ಮಾಡುವ ಪೈಸೈಡ್6ಕ್ಕೆ ಬದಲಾಯಿಸಿಕೊಂಡರೆ ಎಲ್‌ಜಿಪಿಎಲ್ 3 ಸಿಗುತ್ತದೆ, ಕೋಡಿನಲ್ಲಿ ಬದಲಾವಣೆಯೂ ಕಡಿಮೆ. ಆಗಲೂ ಎರಡು ಎಚ್ಚರ ಬೇಕು. ಬಳಸುವವರು ಕ್ಯೂಟಿ ಲೈಬ್ರರಿಯನ್ನು ತಾವೇ ತಿದ್ದಿ ಬದಲಿಸಿಕೊಳ್ಳಲು ಆಗಬೇಕು, ಆದ್ದರಿಂದ ಒಂದೇ ಫೈಲಾಗಿ ಕಟ್ಟುವ ಬದಲು ಡಿಎಲ್‌ಎಲ್‌ಗಳು ಬೇರೆಬೇರೆ ಉಳಿಯುವ ಫೋಲ್ಡರ್ ರೂಪದಲ್ಲಿ ಕೊಡಿ, ಲೈಸೆನ್ಸ್ ಪಠ್ಯವನ್ನೂ ಜೊತೆಗಿಡಿ. ತಿಂಗಳ ಮಾರಾಟದ ಗ್ರಾಫಿಗೆಂದು ಕ್ಯೂಟಿ ಚಾರ್ಟ್ಸ್ ಸೇರಿಸಬೇಡಿ: ಆ ಮಾಡ್ಯೂಲಿಗೆ ಎಲ್‌ಜಿಪಿಎಲ್ ಇಲ್ಲ, ಜಿಪಿಎಲ್ 3 ಅಥವಾ ವಾಣಿಜ್ಯ ಲೈಸೆನ್ಸ್ ಮಾತ್ರ.

ಗೋ ಮತ್ತು ರಸ್ಟ್ ಭಾಷೆ ಬಳಸುವವರಿಗೂ ಇದೇ ಮಾತು. ಅವು ಸಾಮಾನ್ಯವಾಗಿ ಡಿಪೆಂಡೆನ್ಸಿಗಳನ್ನು ಒಂದೇ ಬೈನರಿಗೆ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡುತ್ತವೆ. ಒಳಗೆ ಎಲ್‌ಜಿಪಿಎಲ್ ಇದ್ದರೆ, ಮರುಲಿಂಕ್ ಮಾಡಲು ಬೇಕಾದ ಆಬ್ಜೆಕ್ಟ್ ಫೈಲುಗಳನ್ನೋ ಸೋರ್ಸನ್ನೋ ಕೊಡಬೇಕಾಗುತ್ತದೆ.

ಡಾಕರ್ ಇಮೇಜಿನಲ್ಲಿ ಒಂದು ಸೂಕ್ಷ್ಮವಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಆಪರೇಟಿಂಗ್ ಸಿಸ್ಟಂನ ಜೊತೆ ಬರುವ ಲೈಬ್ರರಿಗಳ ಸೋರ್ಸ್ ಕೊಡಬೇಕಿಲ್ಲ ಎಂದು ಜಿಪಿಎಲ್ 2 ವಿನಾಯಿತಿ ಕೊಡುತ್ತದೆ, ಆದರೆ ಆ ಲೈಬ್ರರಿಯೇ ಪ್ರೋಗ್ರಾಮಿನ ಜೊತೆಯಲ್ಲಿ ಬಂದರೆ ವಿನಾಯಿತಿ ಇಲ್ಲ ಎಂದೂ ಸೇರಿಸುತ್ತದೆ. ಇಮೇಜ್ ಎಂದರೆ ಎರಡನ್ನೂ ಒಂದೇ ಡಬ್ಬದಲ್ಲಿ ಕೊಟ್ಟಂತೆ. "ಅದು ಸಿಸ್ಟಂ ಲೈಬ್ರರಿ" ಎಂಬ ವಾದ ಅಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

ಲೈಸೆನ್ಸೇ ಇಲ್ಲದ ರೆಪೊಸಿಟರಿಯಿಂದ ಕೋಡ್ ಎತ್ತಬೇಡಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿ. ಅನುಮತಿ ಬರೆದಿಲ್ಲ ಎಂದರೆ ಅನುಮತಿ ಇಲ್ಲ.

ಹೊಂದದ ಜೋಡಿ ಸಿಕ್ಕಿತು ಅನ್ನಿ. ಮೊದಲು ಬದಲಿ ಹುಡುಕಿ: ರೀಡ್‌ಲೈನ್ ಜಾಗಕ್ಕೆ, ಎಂಐಟಿಯಂತೆ ಸಡಿಲವಾದ ಬಿಎಸ್‌ಡಿ ಲೈಸೆನ್ಸಿನ ಲಿಬ್‌ಎಡಿಟ್ ಬರುತ್ತದೆ. ಬದಲಿ ಇಲ್ಲದಿದ್ದರೆ ಬಿಲ್ಡ್ ಆಯ್ಕೆಯಲ್ಲಿ ಆ ಭಾಗವನ್ನು ಆಫ್ ಮಾಡಿಬಿಡಿ. ನಿಮ್ಮದು ಎಂಐಟಿ ಆಗಿದ್ದರೆ ಒಟ್ಟು ಪ್ಯಾಕೇಜನ್ನು ಜಿಪಿಎಲ್ 3 ಎಂದು ಕೊಡುವುದೂ ಸರಿಯೇ, ನಿಮ್ಮ ಫೈಲುಗಳು ಎಂಐಟಿಯಾಗಿಯೇ ಉಳಿಯುತ್ತವೆ. ಬೇರೆ ಪ್ರಾಸೆಸ್ ಆಗಿ ಓಡಿಸಿ ಪೈಪ್ ಅಥವಾ ಕಮಾಂಡ್ ಲೈನ್ ಮೂಲಕ ಮಾತಾಡಿಸಿದರೆ ಸಾಮಾನ್ಯವಾಗಿ ಅವು ಎರಡು ಪ್ರತ್ಯೇಕ ಪ್ರೋಗ್ರಾಂ. ಆದರೆ ಒಳಗಿನ ಡೇಟಾ ರಚನೆಗಳನ್ನೇ ಅತ್ತಿಂದಿತ್ತ ಸಾಗಿಸುತ್ತಿದ್ದರೆ ಆ ಬೇರ್ಪಡಿಕೆ ಹೆಸರಿಗಷ್ಟೇ. ವಿನಾಯಿತಿ ಕೇಳುವುದು ಕೊನೆಯ ದಾರಿ, ಏಕೆಂದರೆ ಕೋಡ್ ಬರೆದ ಎಲ್ಲ ಹಕ್ಕುದಾರರೂ ಒಪ್ಪಬೇಕು.

ಪ್ಯಾಕೇಜಿನ ಲೈಸೆನ್ಸ್ ಸಾಲನ್ನು ಎಸ್‌ಪಿಡಿಎಕ್ಸ್ ಎಂಬ ಪ್ರಮಾಣಿತ ರೂಪದಲ್ಲಿ ಬರೆಯುವಾಗ "ಆಂಡ್" ಮತ್ತು "ಆರ್" ಅದಲುಬದಲಾಗದಿರಲಿ. "ಆರ್" ಎಂದರೆ ಪಡೆಯುವವರು ಒಂದನ್ನು ಆರಿಸಿಕೊಳ್ಳಬಹುದು, "ಆಂಡ್" ಎಂದರೆ ಎರಡನ್ನೂ ಪಾಲಿಸಬೇಕು. ನಿಮ್ಮ ಎಂಐಟಿ ಕೋಡಿನ ಜೊತೆ ಎಲ್‌ಜಿಪಿಎಲ್ ಲೈಬ್ರರಿ ಸೇರಿಸಿ ಕಳಿಸುತ್ತಿದ್ದರೆ ಅಲ್ಲಿರಬೇಕಾದದ್ದು "ಆಂಡ್". ಜಿಪಿಎಲ್ ಅಥವಾ ಎಲ್‌ಜಿಪಿಎಲ್ ಏನಾದರೂ ಒಳಗಿದ್ದರೆ, ಬಿಡುಗಡೆಯ ದಿನವೇ ಅದೇ ಆವೃತ್ತಿಯ ಸೋರ್ಸ್ ಟಾರ್, ನಿಮ್ಮ ಪ್ಯಾಚ್‌ಗಳು, ಬಿಲ್ಡ್ ಸ್ಕ್ರಿಪ್ಟ್ ಮೂರನ್ನೂ ಬೈನರಿಯ ಪಕ್ಕದಲ್ಲೇ ಇಡಿ. ಕೇಳಿದವರಿಗೆ ಆಮೇಲೆ ಕೊಡುತ್ತೇವೆ ಎಂದು ಜಿಪಿಎಲ್ 2ರಡಿ ಬರೆದುಕೊಟ್ಟರೆ ಆ ಮಾತು ಕನಿಷ್ಠ 3 ವರ್ಷ ನಿಲ್ಲಬೇಕು, ಅಷ್ಟರಲ್ಲಿ ಮೂಲ ಪ್ರಾಜೆಕ್ಟಿನ ಡೌನ್‌ಲೋಡ್ ಕೊಂಡಿಯೇ ಮಾಯವಾಗಿರಬಹುದು.