ಟೇಕ್ ಡೈವರ್ಷನ್

ಬೆಂಗಳೂರಲ್ಲಿ ರಸ್ತೆ ಅಗೆದ ಕಡೆಯೆಲ್ಲ ಇದೇ ಬೋರ್ಡು, 'ಟೇಕ್ ಡೈವರ್ಷನ್'. ದಿನಾ ಓದ್ತೀವಿ, ಅಲ್ವಾ? ಈ ಟೇಕ್ ಅನ್ನೋದು ಮೊದಲು ಇಂಗ್ಲಿಷಿನದ್ದೇ ಆಗಿರಲಿಲ್ಲ. 9ನೇ ಶತಮಾನದಲ್ಲಿ ಡೆನ್ಮಾರ್ಕ್, ನಾರ್ವೆ ಕಡೆಯ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ಬಂದು ನೆಲೆಸಿದರು. ಅವರ ನಾರ್ಸ್ ಭಾಷೆಯ 'ತಕ' ನಿಧಾನಕ್ಕೆ ಊರವರ ಬಾಯಿಗೂ ಬಂತು. (ನಮ್ಮ 'ತಕೋ'ಗೂ ಇದಕ್ಕೂ ಸಂಬಂಧ ಇಲ್ಲ, ಅದು 'ತೆಗೆದುಕೋ' ಸವೆದು ಆದದ್ದು.)

ಅದಕ್ಕೂ ಮುಂಚೆ ಅಲ್ಲಿದ್ದ ಪದ 'ನಿಮನ್'. ಜರ್ಮನ್ನರು ಇವತ್ತಿಗೂ ಅದರ ದಾಯಾದಿ 'ನೇಮನ್' ಅನ್ನೇ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಅದು ಮರೆಯಾಯಿತು, ಆದರೆ ಪೂರ್ತಿ ಅಲ್ಲ. ಹಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಕೆನ್ನೆ ಮರಗಟ್ಟುವವರೆಗೆ ಕಾದು, 'ನಂಬ್ ಆಯ್ತಾ?' ಅಂತ ಕೇಳ್ತಾರಲ್ಲ, ಆ ನಂಬ್ ಬಂದದ್ದು ನಿಮನ್‌ನಿಂದಲೇ. ತೆಗೆದುಕೊಂಡು ಹೋದದ್ದು, ಅಂದ್ರೆ ಸ್ಪರ್ಶವನ್ನೇ ಕಿತ್ತುಕೊಂಡದ್ದು ಅಂತ ಅರ್ಥ. ನನಗಂತೂ ಇದು ತುಂಬಾ ಇಷ್ಟವಾಯಿತು.

ವಸ್ತುವಿನ ಹೆಸರು ಎರವಲು ಬರೋದು ಸಹಜ. ಕೊಡೋದು, ತಗೊಳ್ಳೋದರಂಥ ಪದವೇ ಬದಲಾಗಬೇಕಾದರೆ ಎರಡೂ ಜನ ಎಷ್ಟು ಹತ್ತಿರ ಬದುಕಿರಬೇಕು! ಮದುವೆ, ವ್ಯಾಪಾರ, ಪಕ್ಕದ ಮನೆ, ಎಲ್ಲ ಸೇರಿಯೇ ಆಗಿರುತ್ತೆ. ನಮ್ಮಲ್ಲಿ ಬಸ್ಸು, ಟಿಕೆಟ್ಟು ಎರಡೂ ಹೊರಗಿನವು, ಆದರೂ ಕಂಡಕ್ಟರ್ ಹೇಳೋದು 'ಟಿಕೆಟ್ ತಗೊಳ್ಳಿ' ಅಂತಲೇ. ಧಾರವಾಡದ ಕಡೆ 'ತೊಗೊ' ಅಂತಾರೆ. ನಿಮ್ಮ ಊರಲ್ಲಿ ಹೇಗೆ?