ಕಣ್ಣಿಗೂ ಕಾಣದ ಹುಳ ಎಣಿಸಿ ಏನು ಪ್ರಯೋಜನ?

ಈ ಪ್ರಶ್ನೆಯನ್ನು ನೆಂಟರೂ ಕೇಳುತ್ತಾರೆ, ಕಾರವಾರದ ಕಾಳಿ ಅಳಿವೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರೂ ಕೇಳುತ್ತಾರೆ. ಮೀನು, ಸಿಗಡಿಗಳ ಮರಿಗೆ ಕೆಸರಿನ ಈ ಹುಳಗಳೇ ಊಟ ಎಂದರೆ ಎಲ್ಲರೂ ತಲೆದೂಗುತ್ತಾರೆ. ಅದು ಸುಳ್ಳಲ್ಲ. ಆದರೆ ನಾನು ಕೆಸರಿಗೆ ಇಳಿಯುವುದು ಬೇರೆ ಕಾರಣಕ್ಕೆ.

ಒಂದು ಮಿಲಿಮೀಟರ್ ಕಣ್ಣಿನ ಜರಡಿಯಿಂದ ಜಾರಿ, 63 ಮೈಕ್ರೋಮೀಟರ್ ಜರಡಿಯಲ್ಲಿ ಸಿಕ್ಕಿಬೀಳುವ ಪ್ರಾಣಿಗಳು ಇವು. ಮಿಯೋಫೌನಾ ಎಂದು ಹೆಸರಿಟ್ಟವರು ವಿಜ್ಞಾನಿ ಮಾಲಿ ಮೇರ್, 1942ರಲ್ಲಿ. ದುಂಡುಹುಳಗಳದ್ದೇ (ನೆಮಟೋಡ್) ಬಹುಮತ, ನಂತರದ ಸ್ಥಾನ ಸಾಮಾನ್ಯವಾಗಿ ಸಿಗಡಿಯ ದೂರದ ಬಳಗವಾದ ಕೋಪೆಪಾಡ್‌ಗಳದ್ದು. ಒಂದು ಚದರ ಮೀಟರ್ ಕೆಸರಿನಲ್ಲಿ ಹತ್ತು ಲಕ್ಷ ಸಿಕ್ಕಿದರೂ ಅದು ವಿಶೇಷವೇನಲ್ಲ. ರೋಸ್ ಬೆಂಗಾಲ್ ಬಣ್ಣ ಹಾಕಿದರೆ ಹುಳ ಗುಲಾಬಿಯಾಗುತ್ತದೆ, ಮರಳು ಆಗುವುದಿಲ್ಲ. ಆಮೇಲಿನದು ಸೂಕ್ಷ್ಮದರ್ಶಕ ಮತ್ತು ಬೆನ್ನುನೋವು.

ನೀರು ಕೆಟ್ಟರೆ ಮೀನು ಬೇರೆಡೆಗೆ ಈಜಿಹೋಗುತ್ತದೆ. ಬಳಚು ಕೂಡ ಮರಿಯಾಗಿದ್ದಾಗ ನೀರಿನಲ್ಲಿ ತೇಲಿ ಎಲ್ಲಿಂದಲೋ ಬಂದಿರುತ್ತದೆ. ದುಂಡುಹುಳಕ್ಕೆ ಆ ತೇಲುವ ಬಾಲ್ಯವಿಲ್ಲ. ಪ್ರವಾಹ ಕೆದಕಿ ಒಯ್ಯದಿದ್ದರೆ ಹುಟ್ಟಿದ ಕೆಸರಿನಲ್ಲೇ ಅದರ ಬದುಕು. ಹಲವು ಜಾತಿಗಳಿಗೆ ಒಂದು ತಲೆಮಾರೆಂದರೆ ಕೆಲವೇ ವಾರ. ಹಾಗಾಗಿ ಕೊಳಚೆ ಸೇರಲಿ, ಎಣ್ಣೆ ಸೋರಲಿ, ಅದೇ ಜಾಗದ ಸುದ್ದಿ ಬೇಗನೆ ಅವುಗಳಲ್ಲಿ ಕಾಣುತ್ತದೆ.

ಕೋಪೆಪಾಡ್‌ಗಳಿಗೆ ಆಮ್ಲಜನಕ ಹೆಚ್ಚು ಬೇಕು, ಅನೇಕ ದುಂಡುಹುಳಗಳು ಕಡಿಮೆಯಲ್ಲೂ ಸುಧಾರಿಸುತ್ತವೆ. ಎರಡರ ಅನುಪಾತದಿಂದ ಮಾಲಿನ್ಯ ಅಳೆಯಬಹುದು ಎಂದು 1981ರಲ್ಲಿ ವಿಜ್ಞಾನಿಗಳಾದ ರಫಾಯೆಲ್ಲಿ ಮತ್ತು ಮೇಸನ್ ಸೂಚಿಸಿದರು. ಒಂದೇ ಅಂಕಿಯಲ್ಲಿ ತೀರ್ಪು! ಅದನ್ನು ನಮ್ಮ ಅಳಿವೆಗೆ ಕಣ್ಣುಮುಚ್ಚಿ ಹಚ್ಚುವವರನ್ನು ನಾನು ನಂಬುವುದಿಲ್ಲ. ಇಲ್ಲಿನ ಟ್ಯಾಗೋರ್ ಕಡಲತೀರದ ಮರಳಿನಲ್ಲಿ ಕಣಗಳ ನಡುವೆ ಸಂದಿದೆ, ನೀರು ಆಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ನುಣುಪು ಕೆಸರಿನಲ್ಲಿ ಸ್ವಲ್ಪ ಕೆಳಗೆ ಹೋದರೆ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ. ಅಲ್ಲಿ ಕೋಪೆಪಾಡ್ ಕಡಿಮೆ ಇರುವುದಕ್ಕೆ ಯಾವ ಕಾರ್ಖಾನೆಯೂ ಬೇಕಿಲ್ಲ. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಉಪ್ಪಂಶ ಕುಸಿದಾಗಲಂತೂ ಲೆಕ್ಕವೇ ಬೇರೆ. ಮೇ ತಿಂಗಳ ಕೆಸರನ್ನು ಆಗಸ್ಟ್ ತಿಂಗಳದ್ದರ ಜೊತೆ ಹೋಲಿಸಿ ಮಾಲಿನ್ಯದ ವರದಿ ಬರೆದರೆ, ಅದು ಬಹುಪಾಲು ಮಳೆಯ ವರದಿಯಾಗಿರುತ್ತದೆ.

ಆದ್ದರಿಂದಲೇ ಅದೇ ಜಾಗ, ಅದೇ ಋತು, ವರ್ಷ ವರ್ಷವೂ ಎಣಿಕೆ. ನಾಳೆ ಯಾವುದೋ ಕಾಮಗಾರಿಗೆ ಹೂಳೆತ್ತಿ, ಮೊದಲು ಇಲ್ಲಿ ಏನೂ ಇರಲಿಲ್ಲ ಎಂದು ಯಾರಾದರೂ ವಾದಿಸಿದರೆ, ಮುಂದಿಡಲು ಜಾತಿವಾರು ಪಟ್ಟಿ ಇರಬೇಕಲ್ಲ.